ಗಾದಿಲಿಂಗಪ್ಪನ ಹೆಸರಿನ ರಿಪೋರ್ಟು

ನವೆಂಬರ್ 8, 2024, ಶುಕ್ರವಾರ

ಮೂರನೇ ಸಲವೂ ಆಗಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಹೊಸಪೇಟೆಯ ಆಸ್ಪತ್ರೆಯಿಂದ ಫೋನ್ ಬಂತು. ಮಿಲ್ಲಿನ ಸದ್ದಿನಲ್ಲಿ ಏನೂ ಕೇಳಿಸದೆ ತೌಡಿನ ಚೀಲಗಳ ಹಿಂದೆ ಹೋಗಿ ನಿಂತೆ. ‘ಸಾರಿ ಸರ್, ನೆಗೆಟಿವ್’ ಎಂದಳು ಆ ಹುಡುಗಿ. ದನಿ ಮಾತ್ರ ನನಗೇನೋ ಬಹುಮಾನ ಬಂದಿದೆ ಎನ್ನುವಷ್ಟು ಸಿಹಿ. ಲ್ಯಾಬಿನಲ್ಲಿ ಬೆಳೆಸಿದ ಎರಡು ಭ್ರೂಣಗಳನ್ನು ಕಾವ್ಯಳ ಗರ್ಭಕ್ಕೆ ಬಿಟ್ಟು ಎರಡು ವಾರವಾಗಿತ್ತು. ಎರಡೂ ‘ಎ ಗ್ರೇಡ್’ ಎಂದಿದ್ದರು. ನಾನೂ ಸೋನಾಮಸೂರಿಗೆ ಗ್ರೇಡ್ ಹಾಕುತ್ತಾ ಬಂದವನು. ಎ ಗ್ರೇಡ್ ಎಂದು ಬರೆದುಕೊಟ್ಟ ಮಾಲು ಹೀಗೆ ಕೈಕೊಟ್ಟರೆ ವ್ಯಾಪಾರಿಗಳು ಬಂದು ಮಿಲ್ಲಿನ ಬಾಗಿಲಲ್ಲೇ ಕೂರುತ್ತಾರೆ. ಆಸ್ಪತ್ರೆಯಲ್ಲಿ ಹಾಗೆ ಕೂರುವಂತಿಲ್ಲ. ಅಲ್ಲಿ ಕೂರುವುದಕ್ಕೂ ಟೋಕನ್ ಬೇಕು.

ಆಸ್ಪತ್ರೆಯ ಕೌನ್ಸೆಲಿಂಗ್ ಮೇಡಂ, ಮನಸ್ಸಿನಲ್ಲಿ ಇರುವುದನ್ನು ದಿನಾ ಬರೆದಿಡಿ, ಹಗುರಾಗುತ್ತದೆ ಎಂದು ಇಬ್ಬರಿಗೂ ಹೇಳಿದ್ದರು. ಕಾವ್ಯ ಒಲ್ಲೆ ಎಂದಳು. ಹಾಗಾಗಿ ಮನೆಯ ಪರವಾಗಿ ನಾನೇ ಬರೆಯುತ್ತಿದ್ದೇನೆ. ಬೀಜದ ಕಂಪನಿಯವರು ಕೊಟ್ಟ ಡೈರಿ ಇದು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಉದ್ಯೋಗ ಕೇಳಿದ್ದಾರೆ. ಮಲ್ಲಿಕಾರ್ಜುನ್, ಮೂವತ್ತೊಂಬತ್ತು, ಕಂಪ್ಲಿಯಲ್ಲಿ ರೈಸ್ ಮಿಲ್ಲು. ‘ಮಕ್ಕಳು’ ಎಂಬ ಕಾಲಮ್ಮೂ ಇದೆ. ಬೀಜದ ಕಂಪನಿಗೆ ಅದೆಲ್ಲ ಯಾಕೆ ಬೇಕೋ. ಪ್ರತಿ ಪುಟದ ಕೆಳಗೆ ‘ಖಚಿತ ಮೊಳಕೆ, ಖಚಿತ ಇಳುವರಿ’ ಎಂದು ಬೇರೆ ಅಚ್ಚು ಹಾಕಿದ್ದಾರೆ.

ಬರೆಯುವುದು ಅಂತ ಆದಮೇಲೆ ಇದನ್ನೂ ಬರೆದುಬಿಡುತ್ತೇನೆ. ಆರು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರು, ಕಾವ್ಯಳಲ್ಲಿ ಯಾವ ತೊಂದರೆಯೂ ಇಲ್ಲ, ನನ್ನ ವೀರ್ಯದಲ್ಲಿ ಕಣಗಳ ಸಂಖ್ಯೆ ಬಹಳ ಕಡಿಮೆ, ಇರುವವೂ ಓಡಾಡುವುದಿಲ್ಲ ಎಂದು. ಅವ್ವನಿಗೆ ಹೇಳಿಲ್ಲ. ಅವ್ವನಿಗೆ ಬಿಪಿ ಇದೆ. ಮಿಲ್ಲಿನ ಹೆಸರಿನ ಪ್ರಶ್ನೆಯೂ ಇದೆ. ನೀನೂ ಹೇಳಬೇಡ ಎಂದು ಕಾವ್ಯಳಿಗೆ ಹೇಳಿದಾಗ ‘ಆಯ್ತು’ ಎಂದಿದ್ದಳು. ಅರ್ಥ ಮಾಡಿಕೊಳ್ಳುವ ಹುಡುಗಿ. ಈ ವಿಷಯದಲ್ಲಿ ನಾನು ಅದೃಷ್ಟವಂತ.

ನವೆಂಬರ್ 11, ಸೋಮವಾರ

ಅವ್ವ ಕಾವ್ಯಳನ್ನು ಹಂಪಿಗೆ ಕರೆದುಕೊಂಡು ಹೊರಟಳು, ಕಾರು ನಾನೇ ನಡೆಸಿದೆ. ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಗುಡಿಗೆ ಹನ್ನೊಂದು ಸುತ್ತು. ಇಂಜೆಕ್ಷನ್ ತೆಗೆದುಕೊಂಡು ಹೊಟ್ಟೆಯೆಲ್ಲ ನೀಲಿಗಟ್ಟಿರುವವಳಿಗೆ ಇದು ಬೇಡ ಎಂದು ಅನ್ನಬೇಕೆಂದಿದ್ದೆ. ಆದರೆ ಆಗ ಅವ್ವ, ಮತ್ತೆ ಯಾರಿಗೆ ಬೇಕು ಎಂದು ಕೇಳಿದರೆ?

ನಾನು ಕಟ್ಟೆಯ ಮೇಲೆ ಕೂತು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆ. ಏಳನೇ ಸುತ್ತಿಗೆ ಒಬ್ಬ ವಿದೇಶಿ ಅವಳ ಫೋಟೋ ತೆಗೆದ. ಭಕ್ತಿ ಎಂದರೆ ಇದೇ ಎಂದು ಯಾರಿಗಾದರೂ ತೋರಿಸುತ್ತಾನೇನೋ. ಆಮೇಲೆ ಇಬ್ಬರು ಮುತ್ತೈದೆಯರು ಕಾವ್ಯಳ ಉಡಿ ತುಂಬಿದರು. ಹೀಗೆ ಬಂದ ಕುಬಸದ ಖಣಗಳು ಮನೆಯಲ್ಲಿ ಒಂದು ಟ್ರಂಕಿನಷ್ಟಿವೆ. ಅವಳು ಒಂದನ್ನೂ ಹೊಲಿಸಿಲ್ಲ.

ಬರುವಾಗ ದಾರಿಯುದ್ದಕ್ಕೂ ಸೀನುತ್ತಿದ್ದಳು. ಎಸಿ ಆರಿಸಿದೆ.

ನವೆಂಬರ್ 16, ಶನಿವಾರ

ಡಾಕ್ಟರ್ ಮೇಡಂ ಇವತ್ತು ‘ಮುಂದಿನ ದಾರಿಗಳು’ ಎಂದು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ಒಂದು, ನಾಲ್ಕನೇ ಸಲ ಪ್ರಯತ್ನ. ಅವರಿಗೆ ಹೆಚ್ಚು ಭರವಸೆಯಿಲ್ಲ. ಎರಡು, ದಾನಿಯ ವೀರ್ಯ. ಮೂರು, ದತ್ತು. ನಾಲ್ಕು, ಇಬ್ಬರೇ ಇರುವುದು. ನಾಲ್ಕನೆಯದನ್ನು ಅವರು ಬರೆದದ್ದು ಸಣ್ಣ ಅಕ್ಷರದಲ್ಲಿ, ಅದರಿಂದ ಆಸ್ಪತ್ರೆಗೆ ಏನೂ ಕೆಲಸವಿಲ್ಲವಲ್ಲ.

ದಾನಿ ಎಂದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಮೂರು ತಲೆಮಾರಿನಿಂದ ಇನ್ನೊಬ್ಬರ ಮಿಲ್ಲಿನ ಅಕ್ಕಿಯನ್ನು ನಮ್ಮ ಚೀಲಕ್ಕೆ ತುಂಬಿದವರಲ್ಲ ನಾವು. ಅದನ್ನೇ ಹೇಳಿದೆ. ಡಾಕ್ಟರ್ ಕಾವ್ಯಳ ಕಡೆ ತಿರುಗಿ, ನಿಮಗೇನು ಅನಿಸುತ್ತದೆ ಎಂದು ಕೇಳಿದರು. ಅವಳಿಗೆ ಯೋಚನೆ ಮಾಡಲು ಸಮಯ ಬೇಕು ಎಂದು ನಾನೇ ಹೇಳಿದೆ.

ಆ ಆಸ್ಪತ್ರೆಯ ಯಂತ್ರದ ಮೇಲೇ ನನಗೆ ಅನುಮಾನ. ಆರು ವರ್ಷದಿಂದ ಅಲ್ಲೇ ನೋಡುತ್ತಿದ್ದಾರೆ. ಬೇರೆ ಕಡೆ ಪರೀಕ್ಷೆ ಮಾಡಿಸಿ ಇವರ ಮುಖಕ್ಕೆ ಹಿಡಿಯಬೇಕು.

ನವೆಂಬರ್ 17, ಭಾನುವಾರ

ಮಿಲ್ಲಿನ ಅಂಗಳದಲ್ಲಿ ಕೆಲಸಗಾರರಿಗೆ ಉಚಿತ ಆರೋಗ್ಯ ತಪಾಸಣೆ ಇಡಿಸಿದ್ದೆ. ರಕ್ತ, ಮೂತ್ರ, ಬಿಪಿ, ಶುಗರ್. ಹಮಾಲರೆಲ್ಲ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ತೂಕ ನೋಡುವ ನಮ್ಮ ಗುಮಾಸ್ತ ಗಾದಿಲಿಂಗಪ್ಪ ನಾಚಿಕೊಂಡು ಹಿಂದೆ ಸರಿಯುತ್ತಿದ್ದವನನ್ನು ನಾನೇ ಬೆನ್ನು ತಟ್ಟಿ ಮುಂದೆ ಕಳಿಸಿದೆ. ಮೈಕಿನಲ್ಲಿ ಹತ್ತು ನಿಮಿಷ ಮಾತಾಡಿದೆ. ಆರೋಗ್ಯದ ವಿಷಯದಲ್ಲಿ ಮುಚ್ಚುಮರೆ ಮಾಡಬಾರದು, ಇರುವುದನ್ನು ಇದ್ದಹಾಗೆ ಹೇಳುವುದೇ ಗಂಡಸುತನ ಎಂದೆ. ಒಳ್ಳೆಯ ಚಪ್ಪಾಳೆ ಬಂತು.

ನವೆಂಬರ್ 20, ಬುಧವಾರ

ಮಿಲ್ಲಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿದೆ. ಅಕ್ಕಿಯ ಸ್ಯಾಂಪಲ್ ಪರೀಕ್ಷೆಗೆ ಕಳಿಸುವಾಗ ಚೀಟಿಯ ಮೇಲೆ ನಮ್ಮ ಹೆಸರು ಹಾಕುವುದಿಲ್ಲ, ಬೇರೆ ಯಾರದೋ ಹೆಸರಿನಲ್ಲಿ ಕಳಿಸುತ್ತೇವೆ. ಹೆಸರು ನೋಡಿದರೆ ಪರೀಕ್ಷೆ ಮಾಡುವವನ ಕೈ ಆಚೀಚೆ ಆಗುತ್ತದೆ. ಅದೇ ಬುದ್ಧಿ ಇವತ್ತು ಉಪಯೋಗಕ್ಕೆ ಬಂತು.

ಗೋಣಿಚೀಲ ನೋಡಿಬರುತ್ತೇನೆಂದು ಮನೆಯಲ್ಲಿ ಹೇಳಿ ಹೊಸಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ದೂರದ ಒಂದು ಲ್ಯಾಬು. ಕೌಂಟರಿನ ಹುಡುಗಿ ಹೆಸರು ಕೇಳಿದಾಗ ಗಾದಿಲಿಂಗಪ್ಪ ಎಂದೆ. ವಯಸ್ಸು ಮಾತ್ರ ನನ್ನದೇ ಬಾಯಿಗೆ ಬಂತು. ಮೊಬೈಲ್ ನಂಬರ್ ಇಲ್ಲದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲವಂತೆ. ನನ್ನ ನಂಬರ್ ಪ್ರತಿ ಅಕ್ಕಿ ಚೀಲದ ಮೇಲೂ ಅಚ್ಚಾಗಿದೆ, ಅವಳ ಮನೆಯಲ್ಲೂ ನಮ್ಮ ಚೀಲವೇ ಇದ್ದರೆ? ಗಾದಿಲಿಂಗಪ್ಪನ ನಂಬರನ್ನೇ ಕೊಟ್ಟೆ. ದಿನಕ್ಕೆ ಇಪ್ಪತ್ತು ಸಲ ಒತ್ತುವ ನಂಬರು, ತಟ್ಟನೆ ಬಂತು.

ಕೊಟ್ಟ ಡಬ್ಬಿಯ ಕೆಲಸ ಹೇಗೆ ಮುಗಿಸಿದೆ ಎಂಬುದನ್ನು ಇಲ್ಲೂ ಬರೆಯುವುದಿಲ್ಲ.

ನವೆಂಬರ್ 22, ಶುಕ್ರವಾರ

ರಿಪೋರ್ಟ್ ತರಲು ಹೋದೆ. ಹುಡುಗಿ ನಗುತ್ತಾ ಅಂದಳು, ‘ಬೆಳಿಗ್ಗೇನ ವಾಟ್ಸಾಪಿಗೆ ಕಳಿಸೀನಲ್ರಿ ಗಾದಿಲಿಂಗಪ್ಪ ಅವ್ರೇ. ನೀವು ನೋಡೀರಿ, ನೀಲಿ ಗೀಟು ಬಂದಾವ.’

ಕಾಗದದ ಪ್ರತಿ ಇಸಿದುಕೊಂಡು ಕಾರಿನಲ್ಲಿ ಕೂತು ಓದಿದೆ. ಯಂತ್ರ ಬೇರೆ, ಊರಿನ ಮೂಲೆ ಬೇರೆ, ಹೆಸರೂ ಬೇರೆ. ಫಲಿತಾಂಶ ಅದೇ. ಅದಕ್ಕಿಂತ ಸ್ವಲ್ಪ ಕಡಿಮೆಯೇ.

ಒಂದೇ ಬೆಳಿಗ್ಗೆ ಎರಡು ಅನಾಹುತ. ಯಾವುದಕ್ಕೆ ಮೊದಲು ಹೆದರಬೇಕೋ ತಿಳಿಯಲಿಲ್ಲ. ನಾಳೆ ಗಾದಿಲಿಂಗಪ್ಪ ಕೇಳಿದರೆ ಯಾವುದೋ ರಾಂಗ್ ನಂಬರ್ ಇರಬೇಕು ಎನ್ನಬೇಕು.

ನವೆಂಬರ್ 24, ಭಾನುವಾರ

ಅವನು ಕೇಳಲಿಲ್ಲ. ಅದೇ ತೊಂದರೆಯಾಯಿತು.

ಇಂಗ್ಲಿಷಿನ ಆ ಕಾಗದವನ್ನು ಮೆಡಿಕಲ್ ಶಾಪಿನ ಪಂಪೇಶನಿಂದ ಓದಿಸಿದ್ದಾನೆ. ಪಂಪೇಶ, ಇದು ಗಂಡಸಿನ ಪರೀಕ್ಷೆ, ಈ ಲೆಕ್ಕದಲ್ಲಿ ಮಕ್ಕಳಾಗುವುದು ಕಷ್ಟ ಎಂದಿದ್ದಾನೆ. ಗಾದಿಲಿಂಗಪ್ಪ ಇದನ್ನು ನಮ್ಮ ಮಿಲ್ಲಿನ ತಪಾಸಣೆಯ ರಿಪೋರ್ಟೆಂದೇ ತಿಳಿದಿದ್ದಾನೆ. ಡಬ್ಬಿ ಕೊಟ್ಟಿದ್ದನಲ್ಲ, ಅದರಲ್ಲೇ ಎಲ್ಲ ಗೊತ್ತಾಗುತ್ತದೆ ಅಂದುಕೊಂಡಿದ್ದಾನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಎಂಟು ತಿಂಗಳ ಒಂದು ಗಂಡು ಕೂಸು. ನನ್ನ ಮೇಲಿನ ಅಭಿಮಾನಕ್ಕೆ ಆ ಕೂಸಿಗೆ ಮಲ್ಲೇಶ್ ಎಂದು ಹೆಸರಿಟ್ಟಿದ್ದಾನೆ. ತೊಟ್ಟಿಲಿಗೆ ಹಾಕುವಾಗ ಕೂಸನ್ನು ಎತ್ತಿಕೊಳ್ಳಲು ಮುಂದೆ ಹೋದ ಕಾವ್ಯಳನ್ನು ಅವ್ವ ಸೆರಗು ಹಿಡಿದು ಹಿಂದಕ್ಕೆ ಕರೆದಿದ್ದಳು.

ಇವತ್ತು ಎಮ್ಮಿಗನೂರಿನ ಎರಡು ಟ್ರಾಕ್ಟರ್ ಭತ್ತವನ್ನು ತೂಕವೇ ಮಾಡದೆ ಒಳಗೆ ಬಿಟ್ಟ. ಬುತ್ತಿ ಬಿಚ್ಚಲಿಲ್ಲ. ಕರೆದು ಕೇಳಿದಾಗ ಬಾಗಿಲು ಹಾಕಿ ಎಲ್ಲ ಹೇಳಿ, ಗೋಡೆ ನೋಡುತ್ತಾ ನಿಂತ. ಯಂತ್ರ ತಪ್ಪಿರಬಹುದು ಎಂದೆ. ಯಂತ್ರ ತರಿಸಿದವರು ನೀವೇ ಅಲ್ಲವೇ ಧಣಿ ಎಂದ.

ನವೆಂಬರ್ 26, ಮಂಗಳವಾರ

ಗಾದಿಲಿಂಗಪ್ಪ ಹೆಂಡತಿ ಎಲ್ಲಮ್ಮನನ್ನೂ ಕೂಸನ್ನೂ ಅವಳ ತವರು ಬಂಡ್ರಿಗೆ ಕಳಿಸಿಬಿಟ್ಟಿದ್ದಾನೆ. ಹೆಣ್ಣುಮಕ್ಕಳಿಬ್ಬರೂ ಅಜ್ಜಿಯ ಹತ್ತಿರ ಇದ್ದಾರೆ.

ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಇದು ಒಳ್ಳೆಯ ಉಪಾಯ. ಅವನ ರಿಪೋರ್ಟ್ ಸರಿಯಾಗೇ ಬರುತ್ತದೆ, ಎಲ್ಲ ಮುಗಿಯುತ್ತದೆ, ಯಾರಿಗೂ ಏನೂ ಹೇಳಬೇಕಿಲ್ಲ. ಗಾದಿಲಿಂಗಪ್ಪ ಒಪ್ಪಲಿಲ್ಲ. ‘ಅದೂ ಹಿಂಗ ಬಂದ್ರ ಏನ್ ಮಾಡ್ಲಿ ಧಣಿ? ಈಗ ಒಂದು ಕಾಗದ ಐತಿ, ಸುಳ್ಳಿರಬೌದು ಅಂತ ಅಂದ್ಕೊಂಡು ಬದುಕಬೌದು. ಎರಡು ಬಂದ್ರ ಎಲ್ಲಿ ಹೋಗ್ಲಿ?’

ನನಗೆ ಎರಡನೆಯದೂ ಬಂದಾಗಿತ್ತು. ಆ ಎರಡನೇ ಕಾಗದ ನನ್ನ ಕಾರಿನ ಸೀಟಿನ ಕೆಳಗೇ ಇದೆ.

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ‘ನಿಮ್ಮ ಮನ್ಯಾಗ ಅಕ್ಕಾರಿಗೆ ತೊಂದ್ರಿ ಐತಿ. ಆದ್ರೂ ನೀವು ಒಂದು ಮಾತು ಅನ್ನಲಾರದ ನಡೆಸಿಕೊಂಡು ಹೊಂಟೀರಿ. ನಂಗ ಅಷ್ಟು ದೊಡ್ಡ ಮನಸು ಇಲ್ಲ ನೋಡ್ರಿ.’

ಮಧ್ಯಾಹ್ನ ಊಟ ಸೇರಲಿಲ್ಲ. ಹುಳಿ ಜಾಸ್ತಿಯಾಗಿತ್ತು.

ನವೆಂಬರ್ 30, ಶನಿವಾರ

ಊರಿಗೆ ಕೆಲಸವಿಲ್ಲ. ಕೂಸಿಗೆ ಧಣಿಯ ಹೆಸರು ಯಾಕೆ ಬಂತು ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಲೆಕ್ಕ ಹಾಕುತ್ತಿದ್ದಾರಂತೆ. ಪಂಪೇಶ ಬಂದು ಕಿವಿಯಲ್ಲಿ ಹೇಳಿ, ನಾನಂತೂ ನಂಬುವುದಿಲ್ಲ ಎಂದು ಕಣ್ಣು ಮಿಟುಕಿಸಿದ. ಇಂಥ ಮಾತು ಆಡಬಾರದು ಎಂದು ಗದರಿಸಿದೆ.

ಇಲ್ಲಿ ಸುಳ್ಳು ಬರೆದು ಏನಾಗಬೇಕು? ಗದರಿಸಿದ್ದು ನಿಜ, ಆದರೆ ಅಷ್ಟು ಜೋರಾಗಿ ಅಲ್ಲ. ಮನೆಗೆ ಬರುವಾಗ ಸಂತೆ ಬೀದಿಯಲ್ಲಿ ನಾಲ್ಕು ಜನ ನನ್ನನ್ನು ನೋಡಿ ಪಿಸಪಿಸ ಎಂದರು. ಬೇಕೆಂದೇ ನಿಧಾನವಾಗಿ ನಡೆದೆ. ಕನ್ನಡಿಯ ಮುಂದೆ ಮೀಸೆ ಬಾಚಿಕೊಂಡೆ. ಹಿಂದೆ ಕಾವ್ಯ ಬಟ್ಟೆ ಮಡಚುತ್ತಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಬಾಚಣಿಗೆ ಕೆಳಗಿಟ್ಟೆ.

ಡಿಸೆಂಬರ್ 2, ಸೋಮವಾರ

ಅವ್ವನ ಕಿವಿಗೂ ಬಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಪೂಜೆ ಮುಗಿಸಿ ಬಂದು ನನ್ನ ಪಕ್ಕ ಕೂತು ಮೆಲ್ಲಗೆ, ‘ಹೆಸರಿಡೋ ದಿನಾನ ನೋಡಿದ್ದೆ ಮಲ್ಲು. ಕೂಸಿನ ಮೂಗು ನಿಮ್ಮಪ್ಪನ ಮೂಗು ಇದ್ದಂಗ ಐತಿ’ ಎಂದಳು. ಇಲ್ಲವ್ವ, ಹಾಗೇನೂ ಇಲ್ಲ ಎಂದೆ. ಅವ್ವ ಬೇಜಾರು ಮಾಡಿಕೊಂಡಳು. ಮಗ ತಪ್ಪು ಮಾಡಿಲ್ಲ ಎಂದಿದ್ದಕ್ಕೆ ಬೇಜಾರು ಮಾಡಿಕೊಂಡ ತಾಯಿಯನ್ನು ನಾನು ನೋಡಿದ್ದು ಇದೇ ಮೊದಲು.

ಊಟಕ್ಕೆ ಬಡಿಸಿ ಕಾವ್ಯ ತನ್ನ ಫೋನನ್ನು ತಟ್ಟೆಯ ಪಕ್ಕ ಇಟ್ಟಳು. ಎಲ್ಲಮ್ಮ ಬಂಡ್ರಿಯಿಂದ ಆ ರಿಪೋರ್ಟಿನ ಫೋಟೋ ಕಳಿಸಿದ್ದಾಳೆ, ಅಕ್ಕಾರ ಇದರಲ್ಲಿ ಏನಿದೆ ಓದಿ ಹೇಳ್ರಿ ಎಂದು.

‘ಗಾದಿಲಿಂಗಪ್ಪಗ ಮೂವತ್ತನಾಲ್ಕು. ಇದರಾಗ ಮೂವತ್ತೊಂಬತ್ತು ಅಂತ ಐತಿ. ಇಪ್ಪತ್ತನೇ ತಾರೀಖು ನೀವು ಹೊಸಪೇಟಿಗೆ ಗೋಣಿಚೀಲ ನೋಡಾಕ ಹೋಗಿದ್ರಿ.’

ನಾನು ಅನ್ನ ಕಲಸುತ್ತಲೇ ಇದ್ದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

‘ನಾ ಹೇಳಂಗಿಲ್ಲ. ಆರು ವರ್ಷ ಹೇಳಿಲ್ಲ, ಈಗ ಯಾಕ ಹೇಳ್ಲಿ? ನೀವ ಹೇಳಬೇಕು.’

ಡಿಸೆಂಬರ್ 3, ಮಂಗಳವಾರ

ಹೇಳಲಿಲ್ಲ. ಲೋಡ್ ಬಹಳ ಇತ್ತು.

ಡಿಸೆಂಬರ್ 4, ಬುಧವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯುತ್ತೇನೆ.

ಬಂಡ್ರಿಗೆ ಹೋಗಿ ರಾಜಿ ಮಾಡಿಸುತ್ತೇನೆ ಎಂದು ಬೆಳಿಗ್ಗೆ ಗಾದಿಲಿಂಗಪ್ಪನನ್ನು ಕಾರಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಇಬ್ಬರೇ ಇದ್ದಾಗ ಹೇಳಿಬಿಡುವುದು ನನ್ನ ಲೆಕ್ಕ. ಗೇಟಿನಲ್ಲಿ ಅವ್ವ ಚೀಲ ಹಿಡಿದು ನಿಂತಿದ್ದಳು. ಕೂಸಿನ ಮೂಗನ್ನು ಇನ್ನೊಮ್ಮೆ ನೋಡಬೇಕಂತೆ. ಅತ್ತೆ ಒಬ್ಬರೇ ಯಾಕೆ ಎಂದು ಕಾವ್ಯಳೂ ಹತ್ತಿದಳು. ಸಂಡೂರು ದಾಟಿ ಯಶವಂತನಗರದ ಹತ್ತಿರ ಅದಿರಿನ ಲಾರಿಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಕಾರಿನ ಗಾಜು ಕೆಂಪಾಯಿತು. ಮೂರು ಸಲ ಬಾಯಿ ತೆರೆದು, ಮೂರು ಸಲವೂ ಲಾರಿಯವರನ್ನು ಬೈದೆ.

ಎಲ್ಲಮ್ಮನ ಅಪ್ಪ ಪಾಲಯ್ಯ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಎಪ್ಪತ್ತು ದಾಟಿದೆ, ಕಿವಿ ಮಂದ. ನೀರು ಕೊಟ್ಟರು, ಚಹಾ ಕೊಡಲಿಲ್ಲ. ನನ್ನ ಮಗಳ ಮೇಲೆ ಇಂಥ ಮಾತು ಹೊರಿಸಲು ಏನು ಆಧಾರ ಎಂದು ಕೇಳಿದ. ಗಾದಿಲಿಂಗಪ್ಪ ತಲೆ ತಗ್ಗಿಸಿ ಫೋನ್ ತೋರಿಸಿದ. ಎಲ್ಲಮ್ಮ ಒಳಗಿನಿಂದ ಬಂದಳು. ಅಳಲಿಲ್ಲ. ಕೂಸನ್ನು ತಂದು ಕಂಬಳಿಯ ನಡುವೆ ಮಲಗಿಸಿದಳು.

‘ಇಲ್ಲಿ ಕಾಗದ ಐತಿ, ಇಲ್ಲಿ ಕೂಸು ಐತಿ. ಎರಡರಾಗ ಯಾವುದು ಸುಳ್ಳು ಅಂತ ಹೇಳ್ರಿ ಅಣ್ಣಾರ. ನೀವು ಹೇಳಿದ್ರ ನಾ ಕೇಳ್ತೀನಿ.’

ಅವಳು ನನ್ನನ್ನೇ ಯಾಕೆ ಕೇಳಿದಳೋ. ದೊಡ್ಡ ಮನುಷ್ಯ ಎಂದಿರಬೇಕು. ಕೂಸು ನನ್ನ ಕಾರಿನ ಕೀಲಿಗೆ ಕೈ ಚಾಚುತ್ತಿತ್ತು. ಅವ್ವ ಅದರ ಮೂಗನ್ನು ನೋಡುತ್ತಿದ್ದಳು. ಕಾವ್ಯ ಯಾರನ್ನೂ ನೋಡುತ್ತಿರಲಿಲ್ಲ.

‘ಎರಡೂ ಖರೆ ಅದಾವ’ ಎಂದೆ. ‘ಕೂಸು ಗಾದಿಲಿಂಗಪ್ಪಂದು. ಕಾಗದ ನಂದು.’

ಗಾದಿಲಿಂಗಪ್ಪನಿಗೆ ಅರ್ಥವಾಗಲಿಲ್ಲ. ಹೆಸರು ಬದಲಿಸಿ ಪರೀಕ್ಷೆಗೆ ಕೊಟ್ಟದ್ದನ್ನು ಬಿಡಿಸಿ ಹೇಳಿದೆ. ಪಾಲಯ್ಯನಿಗೆ ಕೇಳಿಸಲಿಲ್ಲ, ಕಿವಿಯ ಹತ್ತಿರ ಹೋಗಿ ಮತ್ತೆ ಹೇಳಿದೆ. ಅವನು ಏನಂದ್ರಿ ಎಂದ. ಮೂರನೇ ಸಲ ಕೂಗಿಯೇ ಹೇಳಬೇಕಾಯಿತು. ನನಗೇ ಮಕ್ಕಳಾಗುವುದಿಲ್ಲ, ತೊಂದರೆ ಇರುವುದು ನನ್ನಲ್ಲಿ, ಆರು ವರ್ಷದಿಂದ ಗೊತ್ತಿದೆ ಎಂದು. ಎದುರು ಮನೆಯ ಜಗಲಿಯಲ್ಲಿ ಕಡಲೆ ಸುಲಿಯುತ್ತಿದ್ದ ಹೆಂಗಸರು ಸುಲಿಯುವುದನ್ನು ನಿಲ್ಲಿಸಿದರು. ಆರು ವರ್ಷ ಡಾಕ್ಟರ ಡ್ರಾಯರಿನಲ್ಲಿ ಬೀಗ ಹಾಕಿಸಿಟ್ಟಿದ್ದ ಮಾತು, ಬಂಡ್ರಿಯ ಬೀದಿಗೆಲ್ಲ ಕೇಳಿಸಿತು.

ಗಾದಿಲಿಂಗಪ್ಪ ನನಗೆ ಬೈಯಬಹುದು, ಹೊಡೆಯಲೂಬಹುದು ಅಂದುಕೊಂಡಿದ್ದೆ. ಅವನು ಎದ್ದು ಹೋಗಿ ಎಲ್ಲಮ್ಮನ ಕಾಲ ಹತ್ತಿರ ಕೂತ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅವನ ಪಾಡು ಇನ್ನೂ ಇದೆ. ಅದಕ್ಕೆ ಕಾರಣ ನಾನು.

ಅವ್ವ ಕಾವ್ಯಳ ಕಡೆ ತಿರುಗಿ, ‘ನಿನಗ ಗೊತ್ತಿತ್ತೇನು?’ ಎಂದಳು.

‘ಗೊತ್ತಿತ್ತು ಅತ್ತಿ.’

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕಂಪ್ಲಿ ಮುಟ್ಟುವವರೆಗೂ ಹಾಗೇ ಇದ್ದಳು.

ಕಾವ್ಯ ಕಂಪ್ಲಿಯವರೆಗೆ ಬರಲಿಲ್ಲ. ಹೊಸಪೇಟೆಯಲ್ಲಿ ಅಕ್ಕನ ಮನೆಯ ಹತ್ತಿರ ಇಳಿಸಿ ಎಂದಳು. ಒಳ್ಳೆಯ ಕೆಲಸ ಮಾಡಿದಿರಿ ಎನ್ನುತ್ತಾಳೆ ಎಂದು ಆಸೆಯಿಟ್ಟುಕೊಂಡು ನಾನೂ ಇಳಿದೆ. ‘ಆ ಕಾಗದ ಕೈಗೆ ಬಂದು ಇವತ್ತಿಗೆ ಹನ್ನೆರಡು ದಿನ. ಎಲ್ಲಮ್ಮನ ಸಲುವಾಗಿ ಹನ್ನೆರಡು ದಿನಕ್ಕ ಬಾಯಿ ಬಿಟ್ರಿ. ನನ್ನ ಸಲುವಾಗಿ ಆರು ವರ್ಷಕ್ಕೂ ಬಿಡಲಿಲ್ಲ’ ಎಂದು ಹೇಳಿ ಗೇಟು ಹಾಕಿಕೊಂಡಳು.

ಡಿಸೆಂಬರ್ 6, ಶುಕ್ರವಾರ

ಕಾವ್ಯ ಫೋನ್ ಎತ್ತಲಿಲ್ಲ. ಒಂಬತ್ತು ಸಲ ಮಾಡಿದೆ.

ಡಿಸೆಂಬರ್ 9, ಸೋಮವಾರ

ಅವ್ವನಿಗೆ ಏನೂ ಆಗಲಿಲ್ಲ. ಬಿಪಿ ನೂರಮೂವತ್ತು ಎಂಬತ್ತೈದು. ಮೂರನೇ ದಿನವೇ, ಕಾವ್ಯಳ ಹೆಸರಿನಲ್ಲಿ ಹೊತ್ತಿದ್ದ ಹರಕೆಗಳನ್ನೆಲ್ಲ ನನ್ನ ಹೆಸರಿಗೆ ವರ್ಗಾಯಿಸಿದಳು. ಮಿಲ್ಲಿನಲ್ಲಿ ಇಷ್ಟು ಚುರುಕಾಗಿ ಯಾರೂ ಕೆಲಸ ಮಾಡುವುದಿಲ್ಲ.

ಇವತ್ತು ನಸುಕಿನಲ್ಲಿ ಹೊಳೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಹನ್ನೊಂದು ಸುತ್ತು ಹಾಕಿದೆ. ನಾಲ್ಕನೇ ಸುತ್ತಿಗೆ ತೊಡೆ ಉಜ್ಜಿ ಉರಿಯತೊಡಗಿತು. ಕಲ್ಲು ಇಷ್ಟು ತಣ್ಣಗಿರುತ್ತದೆ ಎಂದು ಗೊತ್ತಿರಲಿಲ್ಲ. ಹೋದ ತಿಂಗಳು ನಾನು ಮಂಡಕ್ಕಿ ತಿಂದ ಕಟ್ಟೆಯ ಮೇಲೆ ಇವತ್ತು ಬೇರೆ ಯಾರೋ ಕೂತು ತಿನ್ನುತ್ತಿದ್ದರು. ಅವರ ಮೇಲೆ ವಿಪರೀತ ಸಿಟ್ಟು ಬಂತು.

ಡಿಸೆಂಬರ್ 12, ಗುರುವಾರ

ಊರಿನ ಜನ ಒಳ್ಳೆಯವರು. ಅದೇ ಕಷ್ಟ. ಭತ್ತ ತಂದ ರೈತರು ತೂಕಕ್ಕಿಂತ ಮೊದಲು ನನ್ನ ಆರೋಗ್ಯ ಕೇಳುತ್ತಾರೆ. ಒಬ್ಬರು ಹಸಿ ಈರುಳ್ಳಿ ತಿನ್ನಿ ಎಂದರೆ ಇನ್ನೊಬ್ಬರು ಬೈಕ್ ಓಡಿಸಬೇಡಿ ಎನ್ನುತ್ತಾರೆ. ಸೋದರತ್ತೆ ಹೊಳೆಮ್ಮ ಬಂದು ನನ್ನ ಸೊಂಟದ ಸುತ್ತ ಕಣ್ಣಾಡಿಸಿ ಹೋದಳು. ಪಾಪ ಎಂದು ಅನ್ನದವನು ಒಬ್ಬನೂ ಸಿಗಲಿಲ್ಲ. ಒಂದು ಮದುವೆಯ ಕಾರ್ಡು ಬಂತು, ಹೋಗುವುದು ಬೇಡ ಎಂದು ಎತ್ತಿಟ್ಟೆ. ಕಾವ್ಯ ಮದುವೆಗಳಿಗೆ ತಲೆನೋವು ಎನ್ನುತ್ತಿದ್ದಳು. ಅವಳಿಗೆ ತಲೆನೋವು ಇರಲಿಲ್ಲ ಎಂದು ಈಗ ಅನಿಸುತ್ತದೆ.

ಅವ್ವ ದಿನಾ ಬೆಳಿಗ್ಗೆ ಒಂದು ಕಷಾಯ ಕೊಡುತ್ತಿದ್ದಾಳೆ. ಅದರ ವಾಸನೆಯೇ ಸಾಕು. ರಾತ್ರಿ ಕಾವ್ಯ ಕೊನೆಗೂ ಫೋನ್ ಎತ್ತಿದಳು. ಏನು ಮಾತಾಡಬೇಕೋ ತಿಳಿಯದೆ ಕಷಾಯದ ವಿಷಯವನ್ನೇ ಹೇಳಿದೆ. ‘ಮೂಗು ಹಿಡಕೊಂಡು ಒಂದ ಗುಟುಕಿಗೆ ಕುಡೀರಿ. ಮ್ಯಾಲೆ ಬೆಲ್ಲ ತಿನಬ್ಯಾಡ್ರಿ, ವಾಂತಿ ಆಗ್ತೈತಿ’ ಎಂದು ಇಟ್ಟುಬಿಟ್ಟಳು.

ಆ ಕಷಾಯವನ್ನು ಅವಳು ಎಷ್ಟು ವರ್ಷ ಕುಡಿದಳು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಡಿಸೆಂಬರ್ 17, ಮಂಗಳವಾರ

ಹೊಸಪೇಟೆಗೆ ಹೋದೆ. ಗೋಣಿಚೀಲ ಎಂದು ಹೇಳಲಿಲ್ಲ. ಹೆಂಡತಿಯನ್ನು ನೋಡಿಬರುತ್ತೇನೆ ಎಂದೇ ಹೇಳಿದೆ.

ಕಾವ್ಯ ಅಕ್ಕನ ಮನೆಯ ಮಹಡಿಯಲ್ಲಿ ಸಂಡಿಗೆ ಇಡುತ್ತಿದ್ದಳು. ನನಗೂ ಒಂದು ಚಮಚ ಕೊಟ್ಟಳು. ನಾನು ಇಟ್ಟವು ಒಂದಕ್ಕೊಂದು ಅಂಟಿಕೊಂಡವು, ಅವಳು ಬಿಡಿಸಿದಳು. ಅರ್ಧ ಗಂಟೆಯ ಮೇಲೆ, ನಿನಗೇನು ಬೇಕು ಎಂದು ಕೇಳಿದೆ. ಡಾಕ್ಟರ್ ಕೇಳಿದಾಗ ಅವಳ ಬದಲು ನಾನು ಉತ್ತರ ಕೊಟ್ಟಿದ್ದು ನೆನಪಿತ್ತು. ಆದ್ದರಿಂದ ಕೇಳಿ ಬಾಯಿ ಮುಚ್ಚಿಕೊಂಡು ಕೂತೆ.

‘ಇನ್ನ ಸೂಜಿ ಬ್ಯಾಡ. ನಾಲ್ಕನೇ ಸಲಾನೂ ಬ್ಯಾಡ. ದಾನಿ ಅಂದಾಗ ನಿಮಗ ಸಿಟ್ಟು ಬಂತು, ಅದು ನಿಮ್ಮ ಮಾನದ ಮಾತು. ನಂಗೂ ಬ್ಯಾಡ, ಆದ್ರ ನಂದು ಮೈ ಸೋತೈತಿ, ಅದಕ್ಕ ಬ್ಯಾಡ. ದತ್ತು ತಗೊಳ್ಳೋಣು. ಯಾರ ಕೂಸು ಅಂತ ಕೇಳಬಾರದು, ಅತ್ತಿನೂ ಕೇಳಬಾರದು. ಎಷ್ಟ ವರ್ಷ ಆಗ್ಲಿ, ಕಾಯೋಣು. ಬರಲಿಲ್ಲಂದ್ರ ಇಬ್ರ ಇರೋಣು.’

ಆಯ್ತು ಎಂದೆ. ಒಂದು ಸಲ ಅವಳು ನನಗೆ ಹೇಳಿದ್ದ ಅದೇ ಮಾತು. ಇಷ್ಟು ಸಣ್ಣ ಮಾತನ್ನು ಹೇಳುವುದು ಇಷ್ಟು ಕಷ್ಟ ಎಂದು ಆಗ ಗೊತ್ತಾಗಿರಲಿಲ್ಲ.

ಸಂಡಿಗೆ ಒಣಗಬೇಕು, ನಾಡಿದ್ದು ಬರುತ್ತೇನೆ ಎಂದಳು.

ಜನವರಿ 18, 2025, ಶನಿವಾರ

ಹೊಸ ಡೈರಿ. ಈ ಸಲ ಗೊಬ್ಬರದ ಕಂಪನಿಯದು.

ದತ್ತಿನ ಅರ್ಜಿ ಕಂಪ್ಯೂಟರಿನಲ್ಲಿ ಹಾಕಿ ಆಯಿತು. ಮೂರು ವರ್ಷವೋ ನಾಲ್ಕೋ ಕಾಯಬೇಕಂತೆ. ಅವ್ವ ಎರಡು ದಿನ ಸಿಡಿಮಿಡಿಗೊಂಡು, ಯಾವ ಮನೆತನದ್ದೋ ಏನೋ ಎಂದಳು. ನಮ್ಮ ಮನೆತನದ್ದು ಏನು ಎಂದು ಬಂಡ್ರಿಗೆಲ್ಲ ಗೊತ್ತಾಗಿದೆ ಬಿಡವ್ವ ಎಂದೆ. ನಗು ತಡೆಯಲಾಗದೆ ಪೂಜೆ ಕೋಣೆಗೆ ಹೋದಳು.

ಎಲ್ಲಮ್ಮ ಗಂಡನ ಮನೆಗೆ ವಾಪಸು ಬಂದಿದ್ದಾಳೆ. ಗಾದಿಲಿಂಗಪ್ಪನ ಬುತ್ತಿ ಮಾತ್ರ ಇನ್ನೂ ಅವನೇ ಕಟ್ಟಿಕೊಳ್ಳಬೇಕು. ಕೂಸನ್ನು ಕಾವ್ಯ ಎತ್ತಿಕೊಂಡು ಮಿಲ್ಲಿನ ಅಂಗಳದಲ್ಲಿ ಓಡಾಡಿದಳು. ಯಾರೂ ಸೆರಗು ಹಿಡಿಯಲಿಲ್ಲ.

ಮಾರ್ಚ್ 12, ಬುಧವಾರ

ಇವತ್ತು ಮನೆ ನೋಡಲು ದತ್ತು ಕೇಂದ್ರದಿಂದ ಒಬ್ಬ ಮೇಡಂ ಬಂದಿದ್ದರು. ಮನೆ, ಬಚ್ಚಲು, ಮಹಡಿಯ ಕಂಬಿ ಎಲ್ಲ ನೋಡಿದರು. ಅವ್ವನನ್ನು ಕರೆದು, ನಿಮಗೆ ಒಪ್ಪಿಗೆ ಇದೆಯೇ ಎಂದು ಕೇಳಿದರು. ‘ಜಲ್ದಿ ಕೊಡ್ರಿ, ನನಗೂ ವಯಸ್ಸಾತು’ ಎಂದಳು ಅವ್ವ.

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಕಾಲಮ್ಮು ತುಂಬಿಕೊಂಡರು. ಚಿಕಿತ್ಸೆಯ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ನಾಲ್ಕು ದಿನದಿಂದ ಬಚ್ಚಲಲ್ಲಿ ಒಬ್ಬನೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ, ನನ್ನಲ್ಲೇ ತೊಂದರೆ ಮೇಡಂ, ನನ್ನ ಹೆಂಡತಿಯಲ್ಲಿ ಏನೂ ಇಲ್ಲ ಎಂದು. ಈ ಸಲ ಮೂರು ಸಲ ಕೂಗಿಸಿಕೊಳ್ಳದೆ ಮೊದಲ ಸಲಕ್ಕೇ, ಅವಳ ಎದುರಿಗೇ ಹೇಳಬೇಕೆಂದಿದ್ದೆ.

ಮೇಡಂ ಪೆನ್ನು ಎತ್ತಿ, ‘ತೊಂದರೆ ಯಾರದು?’ ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾವ್ಯ ಹೇಳಿದಳು, ‘ನಮ್ಮಿಬ್ರದು ಅಂತ ಬರ್ಕೊಳ್ರಿ ಮೇಡಂ.’

ಮೇಡಂ ಬರೆದುಕೊಂಡರು. ಅವರಿಗೆ ನೀರು ತರುತ್ತೇನೆ ಎಂದು ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನಿಂತು ಅತ್ತುಬಿಟ್ಟೆ. ಮೇಡಂಗೆ ನೀರು ಕೊಡುವುದು ತಡವಾಯಿತು.